ಕಚ್ಚಿಕೊಂಡ ಬೋಲ್ಟನ್ನು ಬಿಚ್ಚಿದ್ದು ಹೀಗೆ

ಹಳೇ ಬೈಕಿನ ಸೈಲೆನ್ಸರ್ ಇಳಿಸಬೇಕಿತ್ತು. ಸಿಲಿಂಡರ್ ಹೆಡ್ಡಿಗೆ ಬೆಂಡ್ ಪೈಪ್ ಸೇರುವ ಜಾಗದಲ್ಲಿ ಪ್ಯಾಕಿಂಗ್ ಸುಟ್ಟುಹೋಗಿ ಹೊಗೆ ಸೋರುತ್ತಿತ್ತು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟ್ ಪಟ್ ಅಂತ ಸದ್ದು, ಪಕ್ಕದ ಫಿನ್‌ಗಳ (ಎಂಜಿನ್ ತಣ್ಣಗಿಡುವ ತೆಳು ರೆಕ್ಕೆಗಳ) ಮೇಲೆಲ್ಲ ಕರಿ ಮಸಿ. ಪ್ಯಾಕಿಂಗ್ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಎರಡು ಬೋಲ್ಟು ಬಿಚ್ಚಿ, ಪೈಪ್ ಇಳಿಸಿ, ಹಳೇ ರಿಂಗ್ ಕಿತ್ತು ಹೊಸದು ಕೂರಿಸಿದರೆ ಮುಗಿಯಿತು. ಒಂದು ಬೋಲ್ಟು ಸ್ವಲ್ಪ ಕಿರುಗುಟ್ಟಿದರೂ ಸಲೀಸಾಗಿ ಬಂತು. ಇನ್ನೊಂದು ಅಲುಗಲೇ ಇಲ್ಲ.

ಎರಡೂ ಒಂದೇ ಅಳತೆ, ಒಂದೇ ವಯಸ್ಸು. ಆದರೆ ಅಲುಗದ ಬೋಲ್ಟು ಮುಂದಿನ ಚಕ್ರ ಎರಚುವ ನೀರು, ಕೆಸರು ನೇರವಾಗಿ ಬಡಿಯುವ ಕಡೆಗಿತ್ತು. ಮಳೆಯಲ್ಲಿ ಓಡಿಸಿದಾಗಲೆಲ್ಲ ಕಾದ ಬೋಲ್ಟಿನ ಮೇಲೆ ತಣ್ಣೀರು ಬಿದ್ದು, ಒಣಗಿ, ಮತ್ತೆ ಕಾದು, ಮತ್ತೆ ನೆನೆದು ವರ್ಷಗಳೇ ಕಳೆದಿವೆ. ಅದರ ತಲೆಯ ಆರು ಮೂಲೆಗಳೂ ತುಕ್ಕಿನ ಪದರದಡಿ ಮುಚ್ಚಿಹೋಗಿದ್ದವು. ಸ್ಪ್ಯಾನರ್ ಹಾಕಿ ಒಂದು ಸಲ ಮೆಲ್ಲಗೆ ಒತ್ತಿ ನೋಡಿದೆ. ಗೋಡೆ ತಳ್ಳಿದ ಹಾಗಿತ್ತು. ಅಲ್ಲಿಗೇ ನಿಲ್ಲಿಸಿದೆ.

ಇಲ್ಲಿ ನಿಲ್ಲಿಸುವುದು ತುಂಬಾ ಮುಖ್ಯ ಅಂತ ನಾನು ನಂಬಿದ್ದೇನೆ. ಬೋಲ್ಟು ಬರಲಿಲ್ಲ ಅಂದ ತಕ್ಷಣ ಎಲ್ಲರ ಕೈಯೂ ಉದ್ದನೆ ಪೈಪ್ ಹುಡುಕುತ್ತದೆ. ಸ್ಪ್ಯಾನರಿನ ಹಿಡಿಗೆ ಪೈಪ್ ಸಿಕ್ಕಿಸಿ ತೂಗಿದರೆ ಎಂಥದ್ದಾದರೂ ಬರುತ್ತೆ ಅನ್ನುವ ಧೈರ್ಯ. ಲೆಕ್ಕ ಹಾಕಿ ನೋಡಿ. 8 ಎಂಎಂ ಬೋಲ್ಟನ್ನು ಸಾಮಾನ್ಯವಾಗಿ ಬಿಗಿಯುವುದು 20ರಿಂದ 25 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸಿನಲ್ಲಿ. ಅರ್ಧ ಮೀಟರ್ ಪೈಪಿನ ತುದಿಯಲ್ಲಿ ಬರೀ 5 ಕಿಲೋ ತೂಕದಷ್ಟು ಒತ್ತಿದರೂ ಅಷ್ಟು ಬಲ ಬಂದುಬಿಡುತ್ತದೆ. 10 ಕಿಲೋ ಒತ್ತಿದರೆ ಅದರ ದುಪ್ಪಟ್ಟು. ಅಷ್ಟು ಬಲ ತಡೆಯುವ ಶಕ್ತಿ ಆ ಬೋಲ್ಟಿಗೆ ಹೊಸದಾಗಿದ್ದಾಗಲೂ ಇರುವುದಿಲ್ಲ, ಇನ್ನು ತುಕ್ಕು ತಿಂದು ಕತ್ತು ಸಣ್ಣಗಾದ ಮೇಲೆ ಕೇಳಬೇಕೇ? ಪೈಪ್ ಹಾಕಿದವರಿಗೆ ತಾವೆಷ್ಟು ಒತ್ತುತ್ತಿದ್ದೇವೆ ಅನ್ನುವ ಅಂದಾಜೇ ಸಿಗುವುದಿಲ್ಲ. ತಲೆ ಕಟ್ ಅಂತ ಮುರಿದು ಕೈಗೆ ಬಂದಾಗಲೇ ಗೊತ್ತಾಗುವುದು. ಉಳಿದ ತುಂಡು ಹೆಡ್ಡಿನೊಳಗೆ. ಹತ್ತು ನಿಮಿಷದ ಕೆಲಸ ಅಲ್ಲಿಂದ ಡ್ರಿಲ್ಲು, ವೆಲ್ಡಿಂಗು ಅಂತ ಬೆಳೆಯುತ್ತಾ ಹೋಗುತ್ತದೆ.

ಹಾಗಾಗಿ ಮೊದಲು, ಬೋಲ್ಟನ್ನು ಹಿಡಿದುಕೊಂಡಿರುವುದು ಏನು ಅಂತ ಯೋಚಿಸಬೇಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಥ್ರೆಡ್ಡುಗಳ ನಡುವಿನ ಸಣ್ಣ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಅದು ಒಳಗೊಳಗೇ ಉಬ್ಬಿ, ಬೆಣೆ ಹೊಡೆದಂತೆ ಎರಡೂ ಕಡೆ ಒತ್ತಿ ಹಿಡಿಯುತ್ತದೆ. ನನ್ನ ಬೈಕಿನಲ್ಲಿ ಬೋಲ್ಟು ಸ್ಟೀಲ್, ಹೆಡ್ಡು ಅಲ್ಯೂಮಿನಿಯಂ. ಈ ಎರಡು ಲೋಹ ಒಂದಕ್ಕೊಂದು ತಾಗಿಕೊಂಡಿದ್ದು ನಡುವೆ ನೀರು ಸೇರಿದರೆ, ಅದರಲ್ಲೂ ಉಪ್ಪಿನಂಶದ ನೀರಾದರೆ, ಸಣ್ಣ ಬ್ಯಾಟರಿ ಥರ ಕೆಲಸ ಶುರುವಾಗಿ ಅಲ್ಯೂಮಿನಿಯಂ ಕರಗಿ ಬಿಳೀ ಪುಡಿಯಾಗುತ್ತದೆ. ಆ ಪುಡಿಯೂ ಥ್ರೆಡ್ಡಿನೊಳಗೇ ಗಟ್ಟಿಯಾಗಿ ಕೂರುತ್ತದೆ. ಬೋಲ್ಟಿನ ಸುತ್ತ ಕಂದು ಬಣ್ಣದ ಜೊತೆ ಬಿಳೀ ಗೆರೆ ಕಂಡರೆ ಎರಡೂ ಸೇರಿ ಹಿಡಿದಿವೆ ಅಂತ ಅರ್ಥ. ನನ್ನ ಬೋಲ್ಟಿನ ಬುಡದಲ್ಲಿ ಆ ಬಿಳೀ ಗೆರೆ ಸ್ಪಷ್ಟವಾಗಿತ್ತು.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಬೋಲ್ಟು ಬಿಗಿಯುವಾಗ ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುವುದು ಬೋಲ್ಟಿನ ತಲೆಯ ಅಡಿಭಾಗದ ಉಜ್ಜಾಟಕ್ಕೇ. ಉಳಿದಿದ್ದರಲ್ಲಿ ಬಹುಪಾಲು ಥ್ರೆಡ್ಡಿಗೆ. ಅಂದರೆ ಬಿಚ್ಚುವಾಗಲೂ ಹಿಡಿತ ಎರಡು ಕಡೆ ಇರುತ್ತದೆ, ಬರೀ ಒಳಗಿನ ಥ್ರೆಡ್ಡಿನಲ್ಲಲ್ಲ. ತಲೆಯಡಿ ತುಕ್ಕು ಕೂತಿದ್ದರೆ ಅದನ್ನೂ ಬಿಡಿಸಬೇಕು.

ಪೆಟ್ರೋಲ್ ಟ್ಯಾಂಕ್ ಮೊದಲೇ ಇಳಿಸಿ ದೂರ ಇಟ್ಟೆ. ಮುಂದೆ ಬೆಂಕಿ ಬಳಸಬೇಕಾಗಬಹುದು ಅಂತ ಕಾರ್ಬ್ಯುರೇಟರ್‌ನ ಬಟ್ಟಲಲ್ಲಿದ್ದ ಪೆಟ್ರೋಲೂ ಬಸಿದೆ. ಆಮೇಲೆ ವೈರ್ ಬ್ರಷ್ ಹಿಡಿದು ಬೋಲ್ಟಿನ ತಲೆ ಉಜ್ಜುತ್ತಾ ಕೂತೆ. ಈ ಕೆಲಸಕ್ಕೆ ಯಾರೂ ಮರ್ಯಾದೆ ಕೊಡುವುದಿಲ್ಲ, ಆದರೆ ಅರ್ಧ ಗೆಲುವು ಇಲ್ಲೇ ಇದೆ. ತುಕ್ಕಿನ ಮೇಲೆ ಸಾಕೆಟ್ ಕೂರಿಸಿದರೆ ಅದು ಪೂರ್ತಿ ಕೆಳಗೆ ಇಳಿಯುವುದಿಲ್ಲ, ತುದಿಯಲ್ಲಷ್ಟೇ ಹಿಡಿಯುತ್ತದೆ. ಬಲ ಹಾಕಿದಾಗ ಜಾರಿ ಮೂಲೆಗಳನ್ನು ತಿಂದುಹಾಕುತ್ತದೆ. ಮೂಲೆ ಸವೆದು ತಲೆ ಗುಂಡಗಾದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಉಜ್ಜಿ, ಚೂಪು ಮೊಳೆಯಿಂದ ತಲೆಯ ಬುಡದ ಸುತ್ತ ಕೆರೆದು, ಸೇರಿಕೊಂಡಿದ್ದ ಮಣ್ಣು ತೆಗೆದೆ. ಲೋಹ ಕಾಣಿಸಿತು. 12 ಎಂಎಂ ಸಾಕೆಟ್ ಹಾಕಿದಾಗ ಚಕ್ ಅಂತ ಕೂತಿತು, ಅಲ್ಲಾಡಿಸಿದರೆ ಸ್ವಲ್ಪವೂ ಆಟ ಇಲ್ಲ. ಅಷ್ಟಾದ ಮೇಲೇ ಮುಂದಿನ ಹೆಜ್ಜೆ.

ಸಾಕೆಟ್ ಯಾವುದು ಅನ್ನುವುದೂ ಮುಖ್ಯ. ಒಳಗಡೆ ಆರು ಮೂಲೆ ಇರುವುದೇ ಬೇಕು. ಹನ್ನೆರಡು ಮೂಲೆಯ ಸಾಕೆಟ್ಟೂ ರಿಂಗ್ ಸ್ಪ್ಯಾನರೂ ದಿನನಿತ್ಯದ ಕೆಲಸಕ್ಕೆ ಚೆನ್ನ, ಬೇಗ ಕೂರುತ್ತವೆ. ಆದರೆ ಅವು ಬೋಲ್ಟಿನ ಮೂಲೆಗಳ ತುದಿಯನ್ನೇ ಒತ್ತುತ್ತವೆ. ಆರು ಮೂಲೆಯದ್ದು ಪಕ್ಕದ ಚಪ್ಪಟೆ ಭಾಗವನ್ನು ಹಿಡಿಯುತ್ತದೆ. ಬಾಯಿ ತೆರೆದ ಸ್ಪ್ಯಾನರನ್ನಂತೂ ಕಚ್ಚಿಕೊಂಡ ಬೋಲ್ಟಿನ ಹತ್ತಿರಕ್ಕೂ ತರಬಾರದು. ಬಲ ಬಿದ್ದಾಗ ಅದರ ಬಾಯಿ ಅಗಲವಾಗಿ ಜಾರುತ್ತದೆ.

ನಂತರ ಎಣ್ಣೆ. ಮನೆಯಲ್ಲಿ ಸಾಮಾನ್ಯವಾಗಿ ಇರುವುದು ಡಬ್ಲ್ಯೂಡಿ-40. ಅದು 1953ರಲ್ಲಿ ಹುಟ್ಟಿದ್ದು, ಲೋಹದ ಮೇಲಿಂದ ನೀರನ್ನು ಓಡಿಸುವುದಕ್ಕೆ. ನೀರು ಓಡಿಸುವ ಮಿಶ್ರಣದ 40ನೇ ಪ್ರಯತ್ನ ಅನ್ನುವುದು ಅದರ ಹೆಸರಲ್ಲೇ ಇದೆ. ಸಣ್ಣಪುಟ್ಟ ಜಾಮ್‌ಗೆ ಅದು ಸಾಕು. ಆದರೆ ಥ್ರೆಡ್ಡಿನ ಆಳಕ್ಕೆ ಇಳಿಯಲೆಂದೇ ತಯಾರಿಸಿದ ಎಣ್ಣೆ ಬೇರೆ ಸಿಗುತ್ತದೆ, ಅದು ಇನ್ನೂ ತೆಳು. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಮತ್ತು ಅಸಿಟೋನ್ ಅನ್ನು ಸಮಸಮ ಬೆರೆಸಿ ಹಾಕುವವರೂ ಇದ್ದಾರೆ. ಅದು ಬೇಗ ಬೇರೆಯಾಗುತ್ತದೆ, ಪ್ರತಿ ಸಲ ಕುಲುಕಿ ಹಾಕಬೇಕು, ಪೇಂಟ್ ಮತ್ತು ಪ್ಲಾಸ್ಟಿಕ್ ಮೇಲೆ ಬಿದ್ದರೆ ಹಾಳು. ಆವಿಗೆ ಬೆಂಕಿ ಬೇಗ ಹತ್ತುತ್ತದೆ. ನಾನು ಅಂಗಡಿಯ ತೆಳು ಎಣ್ಣೆಯನ್ನೇ ಬಳಸಿದೆ.

ಎಣ್ಣೆ ಯಾವುದಾದರೂ ಇರಲಿ, ಸಮಯ ಕೊಡದಿದ್ದರೆ ಸುಮ್ನೆ. ಹಾಕಿ ಎರಡು ನಿಮಿಷಕ್ಕೆ ಸ್ಪ್ಯಾನರ್ ತೆಗೆದುಕೊಂಡರೆ ಎಣ್ಣೆ ಇನ್ನೂ ತಲೆಯ ಮೇಲೇ ಇರುತ್ತದೆ. ನಾನು ಸಂಜೆ ಹಾಕಿ, ಮಲಗುವ ಮೊದಲು ಮತ್ತೊಮ್ಮೆ ಹಾಕಿ, ಬೆಳಗ್ಗೆ ಮತ್ತೆ ಹಾಕಿದೆ. ಪ್ರತಿ ಸಲ ಹಾಕುವ ಮೊದಲು ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ಹತ್ತಾರು ಏಟು. ಜೋರಾಗಿ ಅಲ್ಲ. ಹಿತ್ತಾಳೆಯ ಒಂದು ತುಂಡನ್ನು ತಲೆಯ ಮೇಲೆ ನೆಟ್ಟಗೆ ಇಟ್ಟು ಅದರ ಮೇಲೆ ಟಣ್ ಟಣ್ ಅಂತ ಹೊಡೆಯುವುದು. ಪ್ರತಿ ಏಟಿಗೂ ಬೋಲ್ಟು ಕಣ್ಣಿಗೆ ಕಾಣದಷ್ಟು ನಡುಗುತ್ತದೆ, ತುಕ್ಕು ಗಡುಸಾದರೂ ಸುಲಭವಾಗಿ ಒಡೆಯುವಂಥದ್ದು, ನಡುಗಿದಾಗ ಬಿರುಕು ಬಿಡುತ್ತದೆ. ಆ ಬಿರುಕೇ ಎಣ್ಣೆಗೆ ದಾರಿ. ಹೊಡೆದು ಹಾಕುವುದಕ್ಕೂ ಹೊಡೆಯದೆ ಹಾಕುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಹೆಡ್ಡು ಅಲ್ಯೂಮಿನಿಯಂ ಅನ್ನುವುದು ನೆನಪಿರಬೇಕು, ಅದಕ್ಕೆ ದೊಡ್ಡ ಸುತ್ತಿಗೆಯ ಏಟು ತಡೆಯುವುದಿಲ್ಲ. ಹೊಡೆಯುತ್ತಾ ಹೋದಂತೆ ಸದ್ದು ಬದಲಾಗುವುದು ಕೇಳಿಸಿತು. ಶುರುವಲ್ಲಿ ಇಡೀ ಎಂಜಿನ್ನಿಗೇ ಹೊಡೆದಂತೆ ಗಟ್ಟಿ ಸದ್ದು, ಕೊನೆಕೊನೆಗೆ ಸ್ವಲ್ಪ ಬಿಡಿಬಿಡಿ.

ಬೆಳಗ್ಗೆ ಸ್ಪ್ಯಾನರ್ ಹಿಡಿಯುವ ಮೊದಲು ಒಂದು ಕೆಲಸ ಮಾಡಿದೆ, ಇದನ್ನು ಯಾರು ಕೇಳಿದರೂ ಹೇಳುತ್ತೇನೆ. ಬಿಳೀ ಪೇಂಟ್ ಪೆನ್ನಿನಿಂದ ಬೋಲ್ಟಿನ ತಲೆಯಿಂದ ಶುರುಮಾಡಿ ಕೆಳಗಿನ ಫ್ಲ್ಯಾಂಜ್‌ವರೆಗೆ (ಬೋಲ್ಟು ಒತ್ತಿ ಹಿಡಿಯುವ ಪೈಪಿನ ಚಪ್ಪಟೆ ಅಂಚು) ಒಂದೇ ನೇರ ಗೆರೆ ಎಳೆದೆ. ಬೋಲ್ಟು ನಿಜವಾಗಿ ತಿರುಗಿತಾ ಅಥವಾ ಬರೀ ತಿರುಚಿಕೊಂಡಿತಾ ಅನ್ನುವುದನ್ನು ಕೈ ಒಂದೇ ನಂಬಿ ಹೇಳುವುದು ಕಷ್ಟ. ಗೆರೆ ಇದ್ದರೆ ಕಣ್ಣೂ ಸಾಕ್ಷಿ ಹೇಳುತ್ತದೆ. ಬಲ ಹಾಕಿದಾಗ ತಲೆಯ ಮೇಲಿನ ಗೆರೆ ಸ್ವಲ್ಪ ಸರಿಯುತ್ತದೆ. ಬಿಟ್ಟಾಗ ಅದು ವಾಪಸ್ ಬಂದು ಕೆಳಗಿನ ಗೆರೆಗೆ ಕೂಡಿಕೊಂಡರೆ ಬೋಲ್ಟಿನ ಒಳಭಾಗ ಅಲುಗಿಲ್ಲ, ಮೇಲ್ಭಾಗ ಮಾತ್ರ ಸ್ಪ್ರಿಂಗಿನಂತೆ ತಿರುಚಿ ವಾಪಸ್ಸಾಗಿದೆ. ವಾಪಸ್ ಬರಲಿಲ್ಲ ಅಂದರೆ ಎರಡರಲ್ಲಿ ಒಂದು: ಬೋಲ್ಟು ಬಿಟ್ಟಿದೆ, ಇಲ್ಲವೇ ಮುರಿಯಲು ಶುರುವಾಗಿದೆ. ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದೇ ಈ ಕೆಲಸದ ಜೀವಾಳ.

ಬಿಡುವ ಬೋಲ್ಟು ಸದ್ದು ಮಾಡುತ್ತದೆ. ಟಕ್ ಅಂತ ಒಂದು ಚಿಕ್ಕ, ಒಣ ಸದ್ದು. ಆ ಕ್ಷಣಕ್ಕೆ ಕೈಯಲ್ಲಿದ್ದ ಭಾರ ಒಮ್ಮೆಲೆ ಇಳಿಯುತ್ತದೆ, ಮುಂದೆ ತಿರುಗಿಸಿದರೆ ಉಜ್ಜಾಟ ಸಿಗುತ್ತದೆ. ಮುರಿಯುವ ಬೋಲ್ಟು ಸದ್ದಿಲ್ಲದೆ ಮೆತ್ತಗಾಗುತ್ತದೆ. ಅಲ್ಲಿವರೆಗೆ ಗಟ್ಟಿಯಾಗಿ ಎದುರಿಸುತ್ತಿದ್ದದ್ದು ನಿಧಾನವಾಗಿ ಸೋಲುತ್ತಾ ಬರುತ್ತದೆ, ಎಷ್ಟು ತಿರುಗಿಸಿದರೂ ಭಾರ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆ ಮೆತ್ತನೆ ಅನುಭವ ಆದ ತಕ್ಷಣ ಕೈ ತೆಗೆಯಬೇಕು, ಇನ್ನು ಸ್ವಲ್ಪ ಅಂದರೆ ತಲೆ ಹೋಯಿತು. ಇದಕ್ಕೇ ಉದ್ದ ಪೈಪ್ ಬೇಡ ಅನ್ನುವುದು, ಅದರ ತುದಿಯಲ್ಲಿ ಕೈಗೆ ಈ ಸೂಕ್ಷ್ಮ ಏನೂ ತಿಳಿಯುವುದಿಲ್ಲ.

ಮೊದಲು ಬಿಗಿಯುವ ಕಡೆಗೆ, ಬಲಕ್ಕೆ, ಕೂದಲೆಳೆಯಷ್ಟು ಒತ್ತಿದೆ. ಬಿಚ್ಚಬೇಕಾದ್ದನ್ನು ಬಿಗಿಯುವುದು ಉಲ್ಟಾ ಅನ್ನಿಸುತ್ತೆ, ಅಲ್ವಾ? ಆದರೆ ತುಕ್ಕಿನ ಹಿಡಿತ ಎರಡೂ ದಿಕ್ಕಿಗೆ ಒಂದೇ. ಯಾವ ಕಡೆಗೆ ಅಲುಗಿದರೂ ಅದು ಒಡೆಯುತ್ತದೆ. ಬಲಕ್ಕೆ ಸ್ವಲ್ಪ, ಎಡಕ್ಕೆ ಸ್ವಲ್ಪ, ಜರ್ಕ್ ಇಲ್ಲದೆ, ಭಾರ ಏರಿಸಿ ಇಳಿಸಿ. ಗೆರೆ ಪ್ರತಿ ಸಲವೂ ವಾಪಸ್ ಬಂದು ಕೂಡಿಕೊಳ್ಳುತ್ತಿತ್ತು. ಎಣ್ಣೆ, ಏಟು, ಕೈ ಬಲ ಮೂರೂ ತಮ್ಮ ಪಾಲಿನ ಕೆಲಸ ಮಾಡಿದ್ದವು, ಇನ್ನು ಉಳಿದಿದ್ದು ಬೆಂಕಿ.

ಬಿಸಿ ಮಾಡುವುದರ ಹಿಂದಿನ ಲೆಕ್ಕ ನನಗೆ ತುಂಬಾ ಇಷ್ಟ. ಒಂದೇ ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. 8 ಎಂಎಂ ತೂತು, ಅದರಲ್ಲಿ 8 ಎಂಎಂ ಬೋಲ್ಟು, ಎರಡನ್ನೂ 100 ಡಿಗ್ರಿಯಷ್ಟು ಬಿಸಿ ಮಾಡಿದರೆ ತೂತು ಬೋಲ್ಟಿಗಿಂತ ಜಾಸ್ತಿ ಹಿಗ್ಗುವುದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಕೇಳುವುದಕ್ಕೆ ಏನೂ ಅಲ್ಲ. ಆದರೆ ಹಿಡಿದುಕೊಂಡಿರುವ ತುಕ್ಕಿನ ಪದರವನ್ನು ಒಡೆಯುವುದಕ್ಕೆ, ಆ ಪುಡಿಯ ಅಂಟು ಬಿಡಿಸುವುದಕ್ಕೆ ಅಷ್ಟು ಸಾಕು. ಹಾಗಾಗಿ ಬೆಂಕಿ ತೋರಿಸಬೇಕಾದ್ದು ಬೋಲ್ಟಿಗಲ್ಲ, ಅದರ ಸುತ್ತಲಿನ ಹೆಡ್ಡಿಗೆ.

ಬೆಂಕಿ ಹಚ್ಚುವ ಮೊದಲು ಹಾಕಿದ್ದ ಎಣ್ಣೆಯನ್ನೆಲ್ಲ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನೂ ಎಣ್ಣೆ ಡಬ್ಬವನ್ನೂ ಆಚೆ ಇಟ್ಟೆ. ಒಂದು ಬಕೆಟ್ ಮರಳು ಕೈಗೆ ಸಿಗುವ ಹಾಗಿತ್ತು. ಬ್ರೇಕ್ ತೊಳೆಯುವ ಸ್ಪ್ರೇಗಳಲ್ಲಿ ಕ್ಲೋರಿನ್ ಇರುವ ಬಗೆ ಒಂದಿದೆ. ಅದನ್ನು ಹಾಕಿದ ಜಾಗಕ್ಕೆ ಬೆಂಕಿ ತೋರಿಸಿದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಜೀವಕ್ಕೇ ಅಪಾಯ. ಬಿಸಿ ಮಾಡುವ ಕಡೆ ಆ ಸ್ಪ್ರೇ ಬೇಡವೇ ಬೇಡ. ಕೆಲವು ಬೈಕುಗಳಲ್ಲಿ ಎಂಜಿನ್ ಪಕ್ಕದ ಕವರ್ ಮೆಗ್ನೀಸಿಯಂನದ್ದಿರುತ್ತದೆ, ಅದಕ್ಕೂ ಟಾರ್ಚ್ ತೋರಿಸಬಾರದು, ಹತ್ತಿಕೊಂಡರೆ ಆರಿಸುವುದು ಬಹಳ ಕಷ್ಟ.

ಗ್ಯಾಸ್ ಟಾರ್ಚನ್ನು ಒಂದೇ ಕಡೆ ಹಿಡಿಯದೆ ಬೋಲ್ಟಿನ ಸುತ್ತ ಆಡಿಸುತ್ತಾ ಹೋದೆ. ಫಿನ್‌ಗಳಿರುವ ಹೆಡ್ಡು ಇರುವುದೇ ಬಿಸಿಯನ್ನು ಆಚೆ ಬಿಡುವುದಕ್ಕೆ, ಹಾಗಾಗಿ ಕಾಯಲು ಸಮಯ ಬೇಕು. ಅಲ್ಯೂಮಿನಿಯಂನ ಒಂದು ಅಪಾಯ ಏನೆಂದರೆ ಅದು ಕಾದರೂ ಸ್ಟೀಲಿನ ಥರ ಬಣ್ಣ ತೋರಿಸುವುದಿಲ್ಲ. ಶುದ್ಧ ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಹೆಡ್ಡಿನ ಮಿಶ್ರಲೋಹ ಅದಕ್ಕಿಂತ ಮೊದಲೇ ಮೆತ್ತಗಾಗುತ್ತದೆ, ಅಲ್ಲಿವರೆಗೂ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ನಮಗೆ ಅಷ್ಟೆಲ್ಲ ಬಿಸಿ ಬೇಕಾಗಿಯೂ ಇಲ್ಲ. ಬೆರಳು ಅದ್ದಿ ಒಂದು ಹನಿ ನೀರು ಚಿಮುಕಿಸಿದೆ. ಚುರ್ ಅಂತ ಆವಿಯಾದರೆ 100 ಡಿಗ್ರಿ ದಾಟಿದೆ. ಇನ್ನು ಸ್ವಲ್ಪ ಆಡಿಸಿ ಟಾರ್ಚ್ ಆರಿಸಿದೆ.

ಆಗ ಮೇಣದಬತ್ತಿಯ ತುಂಡೊಂದನ್ನು ಬೋಲ್ಟಿನ ಬುಡಕ್ಕೆ ಮುಟ್ಟಿಸಿದೆ. ಮೇಣ ತಕ್ಷಣ ಕರಗಿ, ತಲೆಯ ಸುತ್ತ ಒಂದು ಸುತ್ತು ಹರಿದು, ಸಂದಿಯೊಳಗೆ ಇಳಿದುಹೋಯಿತು. ಮೇಲೆ ನಿಲ್ಲಲೇ ಇಲ್ಲ. ಅದನ್ನು ನೋಡಿದಾಗಲೇ ಒಳಗೆ ಸಂದಿ ತೆರೆದಿದೆ ಅಂತ ನನಗೆ ಖಾತ್ರಿಯಾಯಿತು.

ದಪ್ಪ ಗ್ಲೌಸ್ ಹಾಕಿ ಸಾಕೆಟ್ ಕೂರಿಸಿದೆ. ಬಲಕ್ಕೆ ಒಂದು ಸಣ್ಣ ಒತ್ತು. ಎಡಕ್ಕೆ ನಿಧಾನ ಭಾರ ಏರಿಸುತ್ತಾ ಬಂದೆ. ಟಕ್. ಬಿಳೀ ಗೆರೆ ಅರ್ಧ ಬೆರಳಿನ ಅಗಲದಷ್ಟು ಸರಿದು ಅಲ್ಲೇ ನಿಂತಿತು, ವಾಪಸ್ ಬರಲಿಲ್ಲ. ಕೈಯಲ್ಲಿ ಭಾರ ಇಳಿದಿತ್ತು. ಎಷ್ಟು ಖುಷಿಯಾಯಿತು ಅಂದರೆ, ಇಡೀ ಬೈಕ್ ಹೊಸದಾಗಿ ಜೋಡಿಸಿದಾಗಲೂ ಅಷ್ಟು ಆಗಿರಲಿಲ್ಲ.

ಅಲುಗಿತು ಅಂತ ಒಂದೇ ಉಸಿರಿಗೆ ತಿರುಗಿಸಿ ತೆಗೆಯಲು ಹೋಗುವುದು ಇನ್ನೊಂದು ಅಪಾಯ. ಒಡೆದ ತುಕ್ಕು ಎಲ್ಲೂ ಹೋಗಿರುವುದಿಲ್ಲ, ಥ್ರೆಡ್ಡಿನಲ್ಲೇ ಪುಡಿಯಾಗಿ ಕೂತಿರುತ್ತದೆ. ಎಡಕ್ಕೆ ತಿರುಗಿಸಿದಂತೆಲ್ಲ ಆ ಪುಡಿ ಮುಂದೆ ಒತ್ತಿಕೊಂಡು ಗುಡ್ಡೆಯಾಗಿ ಮತ್ತೆ ಜಾಮ್ ಆಗುತ್ತದೆ, ಅಲ್ಯೂಮಿನಿಯಂ ಥ್ರೆಡ್ಡನ್ನೂ ಕಿತ್ತುಕೊಂಡು ಬರುತ್ತದೆ. ಹೆಡ್ಡು ತಣ್ಣಗಾಗಲು ಬಿಟ್ಟು, ಆಮೇಲೆ ಎಣ್ಣೆ ಹಾಕಿ, ಕಾಲು ಸುತ್ತು ಎಡಕ್ಕೆ, ಅರ್ಧದಷ್ಟು ವಾಪಸ್ ಬಲಕ್ಕೆ. ಮತ್ತೆ ಎಡಕ್ಕೆ. ಕೀರಲು ಸದ್ದು ಜಾಸ್ತಿಯಾದರೆ ನಿಲ್ಲಿಸಿ, ಎಣ್ಣೆ ಹಾಕಿ, ವಾಪಸ್ ತಿರುಗಿಸಿ. ಬುಡದಿಂದ ಕಂದು ಬಣ್ಣದ ಗಂಜಿಯಂಥದ್ದು ಹೊರಗೆ ಬರಲು ಶುರುವಾಯಿತು. ಅದನ್ನು ಒರೆಸುತ್ತಾ, ಹಿಂದೆ ಮುಂದೆ ಆಡಿಸುತ್ತಾ ಹೋದಂತೆ ಪ್ರತಿ ಸಲ ಸ್ವಲ್ಪ ಹೆಚ್ಚು ದೂರ ತಿರುಗಿತು. ಕೊನೆಯ ಕೆಲವು ಸುತ್ತು ಬೆರಳಲ್ಲೇ ಬಂತು.

ಹೊರಬಂದ ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ತುದಿಯ ಥ್ರೆಡ್ಡುಗಳು ಇನ್ನೂ ಹೊಳೆಯುತ್ತಿದ್ದವು, ಅಷ್ಟು ಆಳಕ್ಕೆ ನೀರು ಹೋಗಿರಲಿಲ್ಲ. ನಡುವಿನವು ಬಿಳೀ ಪುಡಿಯಿಂದ ತುಂಬಿ, ಕಣಿವೆಯೇ ಇಲ್ಲದಂತೆ ಮಟ್ಟವಾಗಿದ್ದವು. ತಲೆಯ ಕೆಳಗೆ ಕತ್ತಿನ ಬಳಿ ಒಂದು ಕಡೆ ಎಷ್ಟು ಸವೆದಿತ್ತೆಂದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಪೈಪ್ ಹಾಕಿ ತೂಗಿದ್ದರೆ ಮುರಿಯುತ್ತಿದ್ದದ್ದು ಅಲ್ಲೇ.

ಮುರಿದುಹೋಗಿದ್ದರೆ ಏನು ಮಾಡಬೇಕಿತ್ತು ಅಂತ ಕೇಳುವವರಿಗೆ: ತುಂಡು ಸ್ವಲ್ಪ ಮೇಲಕ್ಕೆ ಚಾಚಿದ್ದರೆ ಅದರ ಮೇಲೊಂದು ನಟ್ಟಿಟ್ಟು ಒಳಗಿನಿಂದ ವೆಲ್ಡ್ ಮಾಡಿಸುವುದೇ ಒಳ್ಳೆಯ ದಾರಿ. ವೆಲ್ಡಿಂಗಿನ ಬಿಸಿ ತುಕ್ಕನ್ನೂ ಬಿಡಿಸುತ್ತದೆ, ಹಿಡಿಯಲು ಹೊಸ ತಲೆಯೂ ಸಿಗುತ್ತದೆ. ಮಟ್ಟಕ್ಕೆ ಮುರಿದಿದ್ದರೆ ಸರಿಯಾಗಿ ನಡುಮಧ್ಯೆ ಪಂಚ್ ಮಾಡಿ, ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಹಾಕಬೇಕು. ಎಷ್ಟೋ ಸಲ ಕೊರೆಯುವಾಗಲೇ ತುಂಡು ಕಚ್ಚಿಕೊಂಡು ಹೊರಗೆ ಬರುತ್ತದೆ. ತೂತಿಗೆ ಹೊಡೆದು ತಿರುಗಿಸುವ ಎಕ್ಸ್‌ಟ್ರಾಕ್ಟರ್ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ, ಅದರಲ್ಲೂ ಸಣ್ಣ ಬೋಲ್ಟಿಗೆ. ಅದು ಬಹಳ ಗಡುಸಾದ ಸ್ಟೀಲ್, ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದರ ಮೇಲೆ ಜಾರುತ್ತದೆ.

ಎಂಜಿನ್ ಕವರಿನ ಪ್ಲಸ್ ತಲೆಯ ಸ್ಕ್ರೂಗಳ ಕಥೆ ಬೇರೆ. ಹಳೇ ಜಪಾನಿ ಎಂಜಿನ್ನುಗಳಲ್ಲಿ ಇರುವುದು ಫಿಲಿಪ್ಸ್ ಅಲ್ಲ, ಜೆಐಎಸ್ ಅನ್ನುವ ಅವರದ್ದೇ ಅಳತೆ. ನೋಡಲು ಒಂದೇ ಥರ, ಆದರೆ ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಮೇಲೆದ್ದು ತಲೆ ಕೆರೆದುಹಾಕುತ್ತದೆ. ಅಲ್ಲಿ ಸುತ್ತಿಗೆಯಿಂದ ಹೊಡೆದರೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಒತ್ತುವುದೂ ತಿರುಗಿಸುವುದೂ ಒಂದೇ ಏಟಿಗೆ ಆಗುತ್ತದೆ. ಇನ್ನು ಕೆಲವು ಕಡೆ ಥ್ರೆಡ್ಡೇ ಉಲ್ಟಾ ಇರುತ್ತದೆ. ಯಮಹಾ ಬೈಕುಗಳ ಬಲಗಡೆ ಕನ್ನಡಿ ಹಾಗಿರುವುದು ಅನೇಕರಿಗೆ ಗೊತ್ತು. ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿಯುತ್ತಾ ಹೋಗಬಾರದಲ್ವಾ, ಮ್ಯಾನ್ಯುಯಲ್ ನೋಡಿಕೊಳ್ಳಬೇಕು.

ಮತ್ತೆ ಜೋಡಿಸುವಾಗ ಹಳೇ ಬೋಲ್ಟು ಹಾಕಲಿಲ್ಲ, ಎರಡನ್ನೂ ಹೊಸದು ತಂದೆ. ತೂತಿಗೆ 8 ಎಂಎಂ, 1.25 ಪಿಚ್ಚಿನ (ಥ್ರೆಡ್ಡಿನಿಂದ ಥ್ರೆಡ್ಡಿಗೆ 1.25 ಎಂಎಂ ಅಂತರ) ಟ್ಯಾಪನ್ನು, ಅಂದರೆ ಥ್ರೆಡ್ ಕೊರೆಯುವ ಸಾಧನವನ್ನು, ಎಣ್ಣೆ ಸವರಿ ಕೈಯಲ್ಲೇ ಮೆಲ್ಲಗೆ ಇಳಿಸಿದೆ. ಉದ್ದೇಶ ಹೊಸ ಥ್ರೆಡ್ ಕೊರೆಯುವುದಲ್ಲ, ಇರುವುದನ್ನು ತೊಳೆಯುವುದು. ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ, ತೆಗೆದು ಒರೆಸಿ ಮತ್ತೆ. ಬಂದ ಪುಡಿ ಬಿಳುಪಾಗಿತ್ತು, ಹೊಳೆಯುವ ಅಲ್ಯೂಮಿನಿಯಂ ಸುರುಳಿ ಒಂದೂ ಬರಲಿಲ್ಲ, ಅಂದರೆ ಥ್ರೆಡ್ ಗಟ್ಟಿಯಾಗಿದೆ. ಹೊಸ ಬೋಲ್ಟಿನ ಥ್ರೆಡ್ಡಿಗೂ ತಲೆಯ ಅಡಿಗೂ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ, ತಾಮ್ರದ ಪುಡಿ ಬೆರೆತ ಆಂಟಿ ಸೀಜ್ ಪೇಸ್ಟನ್ನು ತೆಳ್ಳಗೆ ಸವರಿದೆ. ಪೇಸ್ಟ್ ಹಾಕಿದರೆ ಉಜ್ಜಾಟ ಕಡಿಮೆಯಾಗುತ್ತದೆ, ಅದೇ ಟಾರ್ಕಿಗೆ, ಅಂದರೆ ಅದೇ ತಿರುಗಿಸುವ ಬಲಕ್ಕೆ, ಬೋಲ್ಟು ಜಾಸ್ತಿ ಎಳೆದುಕೊಳ್ಳುತ್ತದೆ. ಆದ್ದರಿಂದ ಮ್ಯಾನ್ಯುಯಲ್‌ನಲ್ಲಿ ಒಣ ಥ್ರೆಡ್ಡಿಗೆ ಕೊಟ್ಟ ಅಂಕಿಗಿಂತ ಕಡಿಮೆ ಇಟ್ಟುಕೊಂಡೆ. ಎರಡನ್ನೂ ಬೆರಳಲ್ಲಿ ಕೊನೆವರೆಗೆ ತಿರುಗಿಸಿ, ಆಮೇಲೆ ಆ ಕಡೆ ಸ್ವಲ್ಪ ಈ ಕಡೆ ಸ್ವಲ್ಪ ಅಂತ ಸಮವಾಗಿ ಬಿಗಿದೆ, ಇಲ್ಲದಿದ್ದರೆ ಪ್ಯಾಕಿಂಗ್ ಓರೆಯಾಗಿ ಕೂತು ಮತ್ತೆ ಸೋರುತ್ತದೆ.

ಗಾಡಿ ಸ್ಟಾರ್ಟ್ ಮಾಡಿ ಪೂರ್ತಿ ಕಾಯುವವರೆಗೆ ಓಡಿಸಿದೆ. ಆಕ್ಸಿಲರೇಟರ್ ಬಿಟ್ಟಾಗಿನ ಪಟ್ ಪಟ್ ಹೋಗಿತ್ತು. ತಣ್ಣಗಾದ ಮೇಲೆ ಟಾರ್ಕ್ ರೆಂಚ್ ಹಾಕಿ ನೋಡಿದರೆ ಎರಡೂ ಬೋಲ್ಟು ಸ್ವಲ್ಪ ತಿರುಗಿದವು. ಹೊಸ ಪ್ಯಾಕಿಂಗ್ ಮೊದಲ ಬಿಸಿಗೆ ಅಮುಕಿಕೊಳ್ಳುತ್ತದೆ, ಅದಕ್ಕೇ ಈ ಎರಡನೇ ಬಿಗಿತ. ಬಿಗಿದು, ಮತ್ತೆ ಹೊಸ ಬಿಳೀ ಗೆರೆ ಎಳೆದಿದ್ದೇನೆ. ಬೋಲ್ಟು ತಾನಾಗಿ ಸಡಿಲವಾಗುತ್ತಿದ್ದರೆ ಈಗ ಸ್ಪ್ಯಾನರ್ ಇಲ್ಲದೆಯೂ ಕಣ್ಣಿಗೇ ಗೊತ್ತಾಗುತ್ತದೆ.